ಕೂಲಿಮಠದ ಹಿರಿಯ ಹುಡುಗನು

ಅಮರಸಿಂಹನು ತನ್ನ ಕೋಶದಲ್ಲಿ ಮಠಶಬ್ದಕ್ಕೆ ಛಾತ್ರರೇ ಮೊದಲಾದವರು ವಾಸಿಸುವ ಮನೆಯೆಂದು ಅರ್ಥವನ್ನು ಹೇಳಿರುವನು. ಮಠವೆಂದೊಡನೆ ಗದ್ದುಗೆಯನ್ನೂ ದಾಸೋಹವನ್ನೂ ನೆನೆಯುವ ಭಕ್ತಮಹಾಶಯರಿಗೆ ಈ ಅರ್ಥವು ಹೊಸದಾಗಿ ತೋರಬಹುದು. ಆದರೆ ಸರಕಾರದ ಶಾಲೆಗಳು ಹುಟ್ಟುವುದಕ್ಕೆ ಪೂರ್ವದಲ್ಲಿ ನಮ್ಮ ಹಳ್ಳಿಗಳ ಜನರು ಅಕ್ಷರ ಕಲಿಸುವ ಸ್ಥಳವನ್ನೂ ಮಠವೆಂದೇ ಕರೆಯುತ್ತಿದ್ದರು. ಕೂಲಿಮಠವೆಂಬ ಮಾತು ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿದ್ದಿತು. ಅನೇಕ ಕಡೆಗಳಲ್ಲಿ ಕಲಿಸುವವರು ಜಂಗಮರೇ ಆಗಿದ್ದುದರಿಂದ ಅವರು ಊರಿಗೆಲ್ಲ ಅಯ್ಯನವರು. ಆ ಅಯ್ಯನವರ ವಿಷಯವನ್ನು ಬಲ್ಲವರು ಬರೆದಿರುವರು. ಅವರ ಕೈಕೆಳಗೆ ಅರ್ಧ ಮಠವನ್ನು ನಡೆಯಿಸುತ್ತಿದ್ದ ಹಿರಿಯ ಹುಡುಗನ ವಿಷಯವನ್ನು ಬರೆದವರು ಕಡಮೆ. ಶ್ರೀಮಠದ ಪಾಠಶಾಲೆಯ ಮಕ್ಕಳನ್ನು ವಯಸ್ಸಿಗನುಸಾರವಾಗಿ ಬೇರೆ ಬೇರೆ ಕೊಠಡಿಗಳಲ್ಲಿ ಕೂಡಿಸಬೇಕೆಂದೂ ಸಾಯಂಕಾಲದ ಒಟ್ಟು ಪಠನವನ್ನು ಸಹ ಹಾಗೆಯೇ ವಿಭಾಗಿಸಬೇಕೆಂದೂ ಸಲಹೆ ಬಂದಿರುವ ಈ ಸಮಯದಲ್ಲಿ ಅವನನ್ನು ನೆನೆಯುವುದು ಅಪ್ರಸ್ತುತವಾಗಲಾರದು.

ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ಸಾಹೇಬನು ೧೮೨೨ರ ಜೂನ್ ತಿಂಗಳಲ್ಲಿ ತನ್ನ ಆಧಿಪತ್ಯದ ಜಿಲ್ಲೆಗಳಲ್ಲಿದ್ದ ದೇಶೀಯ ಶಾಲೆಗಳ ಲೆಕ್ಕವನ್ನು ಬೇಡಿದನು. ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಬೆಲ್ಲನು ೧೮೨೩ರ ಆಗಸ್ಟಿನಲ್ಲಿ ಕೊಟ್ಟ ಉತ್ತರವು ಇವುಗಳಲ್ಲಿ ಪ್ರಸಿದ್ಧವಾದುದು. ೧೯೮೩ರಲ್ಲಿ ಧರ್ಮಪಾಲರು ಈ ಕಾಗದಪತ್ರಗಳನ್ನೆಲ್ಲ ಒಟ್ಟುಗೂಡಿಸಿ ಅಚ್ಚುಮಾಡಿಸಿದ ಮೇಲೆ ಅದು ಎಲ್ಲರ ಕೈಗೂ ಸಿಕ್ಕಿತು. ಜಿಲ್ಲೆಯಲ್ಲಿ ೫೩೩ ಶಾಲೆಗಳು, ಅವುಗಳಲ್ಲಿ ೬,೬೪೧ ವಿದ್ಯಾರ್ಥಿಗಳು. ಕನ್ನಡ ಶಾಲೆಗಳು ೨೩೫, ತೆಲುಗು ೨೨೬. ಅನಂತಪುರದ ಸೀಮೆಯು ಆಗ ಬಳ್ಳಾರಿಗೇ ಸೇರಿದ್ದಿತೆಂಬುದನ್ನು ಓದುಗರು ನೆನೆಯಬೇಕು. ಶಾಲೆಯೊಂದಕ್ಕೆ ಸರಾಸರಿ ಹನ್ನೆರಡು ಮಕ್ಕಳು. ಈ ಹನ್ನೆರಡೆಂಬ ಸಂಖ್ಯೆಯಲ್ಲಿಯೇ ಗುಟ್ಟಿರುವುದು. ಹನ್ನೆರಡು ಮಕ್ಕಳಲ್ಲಿ ಓರಗೆಯವರನ್ನು ಬೇರ್ಪಡಿಸಿ ಕೂಡಿಸುವುದೆಂತು? ಐದು ವರ್ಷದ ಕೂಸೂ ಕಾಗದಪತ್ರ ಓದಬಲ್ಲ ಹುಡುಗನೂ ಒಂದೇ ಜಗಲಿಯ ಮೇಲೆ ಕೂಡಲೇಬೇಕು.

ಬೆಳಿಗ್ಗೆ ಆರು ಗಂಟೆಗೆ ಶಾಲೆಯು ಆರಂಭವಾಗುತ್ತಿದ್ದಿತು. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಮುಂದೆ ಹೀಗೆಯೇ. (ಶೂನ್ಯಸಿಂಹಾಸನಕ್ಕೆ ಕೈಮುಗಿಯುವ ನಮಗೆ ಆ ಸೊನ್ನೆಯೇ ಹೆಚ್ಚಿನ ಗೌರವವಾಗಿ ಕಂಡರೆ ಕ್ಯಾಂಬೆಲ್ಲನು ಕ್ಷಮಿಸಬೇಕು.) ಎಲ್ಲರೂ ಕೂಡಿದ ಮೇಲೆ ಸಾಮಾನ್ಯವಾಗಿ ನಾಲ್ಕು ಪಂಕ್ತಿಗಳು. ಪಂಕ್ತಿಯಿಂದ ಪಂಕ್ತಿಗೆ ಏರುವುದು ವಯಸ್ಸಿನಿಂದಲ್ಲ, ಕಲಿಕೆಯಿಂದ. ಮೇಲಿನವರನ್ನು ಗುರುವೇ ನೋಡಿಕೊಳ್ಳುವನು. ಕೆಳಗಿನವರನ್ನು ಬಹುಮಟ್ಟಿಗೆ ಮುಂದುವರಿದ ಹುಡುಗರು ನೋಡಿಕೊಳ್ಳುವರು. ಗುರುವಿನ ಕಣ್ಣು ಮಾತ್ರ ಎಲ್ಲರ ಮೇಲೆಯೂ ಇರುವುದು. ಹೊಸಬನು ನೆಲದ ಮೇಲೆ ಹರಡಿದ ಮಳಲಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವನು. ಹಿರಿಯರು ಕಿರಿಯರಿಗೆ ಕಲಿಸುವ ಈ ಕ್ರಮದಿಂದ ಕಲಿಸುವವರ ಅರಿವೇ ಗಟ್ಟಿಯಾಗುವುದೆಂದು ಕ್ಯಾಂಬೆಲ್ಲನು ಮೆಚ್ಚಿ ಬರೆದು, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದಿರುವನು.

ಆ ಅನುಕರಣದ ಕಥೆ ಹೀಗಿದೆ. ಆಂಡ್ರೂ ಬೆಲ್ ಎಂಬ ಪಾದ್ರಿಯು ೧೭೮೯ರಲ್ಲಿ ಮದರಾಸಿನ ಎಗ್ಮೋರಿನಲ್ಲಿದ್ದ ಸೈನಿಕರ ಅನಾಥ ಬಾಲಕರ ಶಾಲೆಗೆ ಮೇಲ್ವಿಚಾರಕನಾದನು. ನಮ್ಮ ಮಕ್ಕಳು ಮಳಲಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿಯೂ ಅದನ್ನು ನಡೆಯಿಸಹೊರಟಾಗ ಅವನ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಅವನು ಅಕ್ಷರಾಭ್ಯಾಸದ ತರಗತಿಯನ್ನು ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೆ ಒಪ್ಪಿಸಿದನು. ದೊಡ್ಡವರಿಂದ ಆಗದುದು ಆ ಹುಡುಗನಿಂದ ಆಯಿತು. ಬೆಲ್ಲನು ೧೭೯೭ರಲ್ಲಿ ಲಂಡನ್ನಿನಲ್ಲಿ ಇದನ್ನು ಪುಸ್ತಕರೂಪವಾಗಿ ಪ್ರಕಟಿಸಿದನು. ಮರುವರ್ಷವೇ ಜೋಸೆಫ್ ಲ್ಯಾಂಕಾಸ್ಟರನು ಅಲ್ಲಿಯ ಬರೋ ರಸ್ತೆಯಲ್ಲಿ ಇಂಥದೇ ಶಾಲೆಯನ್ನು ತೆರೆದನು. ಆದರೆ ಅಲ್ಲಿ ಹನ್ನೆರಡಿದ್ದುದು ನೂರಾರಾಯಿತು. ಒಬ್ಬನೇ ಗುರು, ಒಂದೇ ದೊಡ್ಡ ಸಭಾಂಗಣ, ಸಾಲುಸಾಲಾಗಿ ಮಕ್ಕಳು, ಸಾಲಿಗೊಬ್ಬ ಆಜ್ಞೆ ಕೂಗುವ ಹುಡುಗ. ಅವರಿಗೆ ಬೇಕಾಗಿದ್ದುದು ಅಲ್ಪವ್ಯಯದಲ್ಲಿ ಬಹುಜನರಿಗೆ ಅಕ್ಷರ. ಜಗಲಿಯಲ್ಲಿದ್ದ ಅಣ್ಣತಮ್ಮಂದಿರ ಭಾವವು ಹಡಗು ಹತ್ತಲಿಲ್ಲವೆಂದೇ ನನ್ನ ಅಭಿಪ್ರಾಯ.

ನಮ್ಮ ಮಠಗಳೆಲ್ಲ ನಿರ್ದೋಷವಾಗಿದ್ದುವೆಂದು ಹೇಳುವುದು ಸತ್ಯವಾಗದು. ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣಗಳು ಅಲ್ಲಿಯ ಓದಿನಲ್ಲಿದ್ದುವೆಂದು ಕ್ಯಾಂಬೆಲ್ಲನು ತಿಳಿಸಿರುವನು. ಮಕ್ಕಳು ಅರ್ಥವರಿಯದೆ ಗಿಳಿಗಳಂತೆ ಒಪ್ಪಿಸುತ್ತಿದ್ದರೆಂದೂ ದೂರಿರುವನು. ಆ ಜಿಲ್ಲೆಯ ಲೆಕ್ಕದಲ್ಲಿ ಹೆಣ್ಣುಮಕ್ಕಳು ಕೇವಲ ೬೦. ಹಿರಿಯ ಹುಡುಗರ ಕೈಗೆ ಅಧಿಕಾರ ಬಂದಲ್ಲಿ ಕಿರಿಯರ ಕಿವಿ ಕೆಂಪಾಗುವುದೂ ಉಂಟು. ಅದನ್ನು ತಡೆಯುವುದಕ್ಕೇ ಗುರುವಿನ ಕಣ್ಣು ಬೇಕಾಗಿರುವುದು.

ಆ ಗಿಳಿಪಾಠದ ದೂರಿಗೆ ನಾನೂ ಒಳಗಾದವನೇ. ಪಾಠಶಾಲೆಯಲ್ಲಿ ನನಗೆ ರಾಮಶಬ್ದವನ್ನು ಬಾಯಿಪಾಠ ಮಾಡಿಸಿದವನು ನನಗಿಂತ ನಾಲ್ಕು ವರ್ಷ ಹಿರಿಯನಾದ ಸಹಪಾಠಿ. ಎರಡು ವರ್ಷಗಳ ತರುವಾಯ ಅದೇ ಪಾಠವನ್ನು ಏಳು ವರ್ಷದ ಮರಿಯೊಬ್ಬನಿಗೆ ಹೇಳಿಕೊಡುವ ಸರದಿಯು ನನಗೆ ಬಂದಿತು. “ಅಣ್ಣಾ, ದೇವೇನ ಎನ್ನುವಲ್ಲಿ ನಕಾರವಿದೆ, ರಾಮೇಣ ಎನ್ನುವಲ್ಲಿ ಣಕಾರವೇಕೆ?” ಎಂದು ಅವನು ಕೇಳಿದನು. ಎರಡು ವರ್ಷ ದಿನಂಪ್ರತಿ ಒಪ್ಪಿಸಿದ್ದ ನನಗೆ ಆ ಪ್ರಶ್ನೆಯು ಒಮ್ಮೆಯೂ ಹೊಳೆದಿರಲಿಲ್ಲ. ಸುಮ್ಮನೆ ಓದೆಂದು ಗದರಿಸಿದೆನು. ಅದು ಗುರುಗಳ ಕಿವಿಗೆ ಬಿದ್ದಿತು. ಅವರು ನನ್ನನ್ನು ಬಯ್ಯಲಿಲ್ಲ. ಪದದಲ್ಲಿ ಹಿಂದೆ ರೇಫವಿರುವುದರಿಂದ ನಕಾರವು ಣಕಾರವಾಗುವುದೆಂದು ನನ್ನೊಬ್ಬನಿಗೆ ತಿಳಿಸಿ, “ಹೋಗಪ್ಪ, ಅವನಿಗೆ ನೀನೇ ಹೇಳು” ಎಂದರು. ನಾನು ವ್ಯಾಕರಣವನ್ನು ಕಲಿಯತೊಡಗಿದುದು ಅಂದಿನಿಂದ. ಓರಗೆಯವರು ಆ ಪ್ರಶ್ನೆಯನ್ನು ಕೇಳುತ್ತಿರಲಿಲ್ಲ. ಅವರೂ ನನ್ನಂತೆ ಅದನ್ನು ದಾಟಿ ಬಂದವರೇ.

ಚಿಕ್ಕವರಿಂದ ಹಿರಿಯರು ಅರಿಯುವುದು ಶರಣರ ಪರಂಪರೆಗೆ ಹೊಸದಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕಿರಿಯರಾದ ಚೆನ್ನಬಸವಣ್ಣನವರಿಂದ ದೀಕ್ಷೆಯನ್ನು ಪಡೆದ ಪ್ರಸಂಗವನ್ನು ಶೂನ್ಯಸಂಪಾದನೆಯ ಪಾರಾಯಣ ಕೇಳಿದವರೆಲ್ಲರೂ ಬಲ್ಲರು.

ಕೊಠಡಿಗಳನ್ನು ಬೇರೆಮಾಡುವುದಕ್ಕೆ ನನ್ನ ವಿರೋಧವಿಲ್ಲ. ಸರಕಾರದ ಪರೀಕ್ಷೆಗೆ ಕುಳಿತುಕೊಳ್ಳುವ ಮಕ್ಕಳಿಗೆ ಅದು ಅವಶ್ಯವೇ. ಸಾಯಂಕಾಲದ ಪಠನವನ್ನು ಮಾತ್ರ ಈಗಿರುವಂತೆಯೇ ಬಿಡಬೇಕೆಂದು ಕಾರ್ಯಕಾರಿ ಮಂಡಲಿಯವರಲ್ಲಿ ವಿಜ್ಞಾಪಿಸಿಕೊಂಡಿದ್ದೇನೆ. ನಿರ್ಣಯವು ಇನ್ನೂ ಆಗಿಲ್ಲ. ಅದುವರೆಗೆ ದೀಪ ಹಚ್ಚಿದ ಮೇಲೆ ಜಗಲಿಗೆ ಬಂದವರಿಗೆ ಹದಿನಾರರ ಹುಡುಗನ ತೊಡೆಗೆ ಒರಗಿ ಎಂಟರ ಮರಿಯೊಂದು ತಪ್ಪುತಪ್ಪಾಗಿ ಶಬ್ದರೂಪ ಹೇಳುತ್ತಿರುವುದು ಕೇಳಿಸುವುದು.