ಮರಳು ತುಂಬಿದ ಸ್ಪೀಕರ್ ಬಾಕ್ಸ್

ಸ್ಪೀಕರ್ ಕೊಳ್ಳುವಾಗ ವಾಟ್ಸ್ ಎಷ್ಟು, ಬೇಸ್ ಹೇಗಿದೆ ಅಂತ ಎಲ್ಲರೂ ಕೇಳ್ತೀವಿ. ಬಾಕ್ಸ್ ಯಾವುದರದ್ದು ಅಂತ ಯಾರೂ ಕೇಳಲ್ಲ. ಆದರೆ ಬಾಕ್ಸಿನ ಹಲಗೆ ನಡುಗಿದರೆ ಅದೂ ಜೊತೆಗೆ ಹಾಡೋಕೆ ಶುರು ಮಾಡುತ್ತೆ, ಗಾಯಕಿಯ ದನಿ ಮಬ್ಬಾಗುತ್ತೆ.

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ 1932ರಲ್ಲಿ ವಾರ್ಫ್‌ಡೇಲ್ ಕಂಪನಿ ಶುರು ಮಾಡಿದ ಗಿಲ್ಬರ್ಟ್ ಬ್ರಿಗ್ಸ್ ಬಟ್ಟೆ ವ್ಯಾಪಾರದಿಂದ ಬಂದವರು. ಬಿಕಾಂ ಓದಿದ ನನಗೆ ಅದಕ್ಕೇ ಅವರು ಇಷ್ಟ. 1950ರ ದಶಕದಲ್ಲಿ ಅವರು ಹಿಡಿದ ದಾರಿ ಸರಳ: ಎರಡು ಪ್ಲೈವುಡ್ ಹಲಗೆಗಳ ನಡುವೆ ಒಣ ಮರಳು ತುಂಬೋದು. ಹಲಗೆ ನಡುಗಿದಾಗ ಮರಳಿನ ಕಣಗಳು ಒಂದಕ್ಕೊಂದು ಉಜ್ಜಿ ಆ ಶಕ್ತಿಯನ್ನ ನುಂಗಿಬಿಡುತ್ತವೆ. ಸದ್ದು ಸ್ವಚ್ಛ, ತೂಕ ಮಾತ್ರ ವಿಪರೀತ.

ಬಿಬಿಸಿಗೆ ಆ ತೂಕ ಆಗ್ತಿರಲಿಲ್ಲ. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಇಡೋಕೆ ಪುಟ್ಟ ಸ್ಪೀಕರ್ ಬೇಕಿತ್ತು. ಅಲ್ಲಿ ಕೂತವರಿಗೆ ತಪ್ಪಾಗಿ ಕೇಳಿಸಿದರೆ ಪ್ರಸಾರವೇ ಕೆಡುತ್ತೆ. 1970ರ ದಶಕದಲ್ಲಿ ಅವರ ಎಂಜಿನಿಯರುಗಳು ರೂಪಿಸಿದ ಎಲ್‌ಎಸ್ 3/5ಎ ಬಾಕ್ಸಿಗೆ ಬರೀ 12 ಮಿ.ಮೀ. ಬರ್ಚ್ ಪ್ಲೈವುಡ್; ಒಳಗಡೆ ಡಾಂಬರಿನಂಥ ಬಿಟುಮೆನ್ ಹಾಳೆ. ತೆಳು ಹಲಗೆಯ ನಡುಕವನ್ನ ಆ ಹಾಳೆ ಸುಲಭವಾಗಿ ಅಡಗಿಸುತ್ತೆ.

ಹಾಗಾಗಿ ದಪ್ಪ ನೋಡಿ ಮರುಳಾಗಬೇಡಿ. ಮುಂದಿನ ಸಲ ಅಂಗಡಿಯಲ್ಲಿ ಬಾಕ್ಸಿನ ಪಕ್ಕಕ್ಕೆ ಬೆರಳಿಂದ ತಟ್ಟಿ. 'ಟಣ್' ಅಂದ್ರೆ ಅದೂ ಹಾಡುತ್ತೆ. 'ದಪ್' ಅಂತ ಸುಮ್ಮನಾದ್ರೆ ಹಾಡೋ ಕೆಲಸ ಗಾಯಕಿಗೇ ಬಿಟ್ಟಿದೆ ಅಂತ ಅರ್ಥ.