ಅಗ್ನಿಬಾಣವೂ ಜನವಸತಿಯೂ

ಸಾರವಾಡದ ಕಡೆಯಿಂದ ವಿಜಯಪುರಕ್ಕೆ ಬಂದ ವಾಚಕರು ಪಡುವಣ ಕೋಟೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ಕಂಡೇ ಇರುವರು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಈ ತೋಪಿನ ತೂಕವು ಸುಮಾರು 55 ಟನ್ನು. ಬತ್ತಿಗೆ ಬೆಂಕಿ ಮುಟ್ಟಿಸಿದ ಗೋಲಂದಾಜನು ಕಿವಿ ಒಡೆಯದಿರಲೆಂದು ಬಳಿಯ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನೆಂಬ ಪ್ರತೀತಿಯುಂಟು. ಗೋಲಂದಾಜನಿಗೆ ತೊಟ್ಟಿಯಾಯಿತು, ನೆರೆಯ ಓಣಿಯವರಿಗೆ ರಕ್ಷೆ ಯಾವುದು? ಬೆಂಕಿಯ ಬಲವನ್ನು ಊರಿನ ಮಗ್ಗುಲಲ್ಲಿ ಇರಿಸಿಕೊಂಡ ಎಲ್ಲ ಕಾಲದವರಿಗೂ ಈ ಪ್ರಶ್ನೆಯು ಸಲ್ಲುವುದು.

ಹೈದರಲಿ ಮತ್ತು ಟಿಪ್ಪು ಸುಲ್ತಾನರ ಮೈಸೂರಿನಲ್ಲಿ ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ ಬಾಣಗಳನ್ನು ಮಾಡುತ್ತಿದ್ದರು. ಒಳಗಿನ ಒತ್ತಡವನ್ನು ಕಬ್ಬಿಣವು ತಾಳಿದುದರಿಂದ ಬಾಣವು ಬಹುದೂರ ಹಾರಿತು. 1780ರ ಪೊಳ್ಳಿಲೂರಿನ ಕಾಳಗದಲ್ಲಿ ಆಂಗ್ಲರು ಅದರ ಉರಿಯನ್ನು ಅನುಭವಿಸಿದರು. ಆದರೆ 1799ರ ಮೇ 2ರಂದು ಮುತ್ತಿಗೆಯವರ ಗುಂಡೊಂದು ಶ್ರೀರಂಗಪಟ್ಟಣದ ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೆ ತಗುಲಿ ಭಯಂಕರವಾದ ಸ್ಫೋಟವಾಯಿತು. ಎರಡೇ ದಿನಗಳಲ್ಲಿ ಕೋಟೆಯು ಬಿದ್ದಿತು. ಹಗೆಗೆಂದು ಕೂಡಿಟ್ಟ ಬೆಂಕಿಯು ಒಡೆಯನ ಗುರುತನ್ನು ಅರಿಯದು.

ಇಂದಿನ ರಾಕೆಟ್ಟಿನ ಯಂತ್ರವನ್ನು ಹಾರಿಸುವ ಮುನ್ನ ನೆಲಕ್ಕೆ ಬಿಗಿದು ಉರಿಸಿ ಪರೀಕ್ಷಿಸುವರು. ಆ ಬಿಗಿತವೂ ತಪ್ಪಬಹುದು. 2024ರ ಜೂನ್ 30ರಂದು ಚೀನದ ಗೊಂಗ್ಯಿ ನಗರದ ಬಳಿ ಹೀಗೆ ಪರೀಕ್ಷೆಗೊಳಗಾದ ತಿಯಾನ್‌ಲಾಂಗ್-3 ರಾಕೆಟ್ಟಿನ ಮೊದಲ ಹಂತವು ಕಟ್ಟು ಕಿತ್ತು ಮೇಲೇರಿ, ಸುಮಾರು ಒಂದೂವರೆ ಕಿಲೋಮೀಟರು ದೂರದ ಗುಡ್ಡದಲ್ಲಿ ಬಿದ್ದು ಸಿಡಿಯಿತು. ಸುತ್ತಲಿನ ಜನರನ್ನು ಮೊದಲೇ ತೆರವುಗೊಳಿಸಿದ್ದುದರಿಂದ ಪ್ರಾಣಹಾನಿಯ ವರದಿ ಬರಲಿಲ್ಲ.

ನಮ್ಮ ದೇಶದವರು ಯಂತ್ರಪರೀಕ್ಷೆಗೆ ಮಹೇಂದ್ರಗಿರಿಯ ಬೆಟ್ಟಗಳ ತಪ್ಪಲನ್ನೂ ಉಡಾವಣೆಗೆ ಕಡಲ ಕರೆಯ ಶ್ರೀಹರಿಕೋಟೆಯನ್ನೂ ಆರಿಸಿದುದು ಇಂಥ ಅಂತರಕ್ಕಾಗಿಯೇ. ಆದರೂ 2004ರ ಫೆಬ್ರವರಿ 23ರಂದು ಶ್ರೀಹರಿಕೋಟೆಯಲ್ಲಿ ಘನ ಇಂಧನಕ್ಕೆ ಬೆಂಕಿ ಹೊತ್ತಿ ಆರು ಮಂದಿ ಕೆಲಸಗಾರರು ಮಡಿದರು. ಅಂತರವು ಊರನ್ನು ಕಾಯಿತೇ ಹೊರತು ಬೆಂಕಿಯ ಬಳಿ ನಿಂತವರನ್ನು ಕಾಯಲಿಲ್ಲ.

ಆದುದರಿಂದ ಗೋಲಂದಾಜನ ತೊಟ್ಟಿಯೂ ಬೇಕು, ಊರಿಗೆ ದೂರವೂ ಬೇಕು. ಒಂದಿದ್ದರೆ ಇನ್ನೊಂದು ಬೇಡವೆಂಬ ಲೆಕ್ಕವು ಸಲ್ಲದು. ಪರೀಕ್ಷಾಭೂಮಿಯ ಸುತ್ತಲಿನ ಬಯಲು ಬರಿದೆ ಬಿದ್ದಿದೆಯೆಂದು ಮನೆಗಳನ್ನು ಕಟ್ಟಲು ಆತುರಪಡುವವರು ಇದನ್ನು ನೆನೆಯಬೇಕು: ಆ ಬಯಲು ಪಾಳು ನೆಲವಲ್ಲ, ಊರಿನ ಕೋಟೆ.