ಆಹಾರಶುದ್ಧಿ ಮತ್ತು ಅರಿವಿನ ಆಯ್ಕೆ: ಛಾಂದೋಗ್ಯದ ಒಂದು ಪದದ ಸುತ್ತ

ಛಾಂದೋಗ್ಯ ಉಪನಿಷತ್ತಿನ ಏಳನೆಯ ಅಧ್ಯಾಯ ತೆರೆದುಕೊಳ್ಳುವುದು ಬಹಳ ಓದಿಕೊಂಡವನೊಬ್ಬನ ದುಃಖದಿಂದ. ನಾರದ ಸನತ್ಕುಮಾರನೆದುರು ತಾನು ಕಲಿತದ್ದನ್ನೆಲ್ಲ ಹೇಳಿಕೊಳ್ಳುತ್ತಾನೆ: ನಾಲ್ಕು ವೇದ, ಇತಿಹಾಸ-ಪುರಾಣ, ವ್ಯಾಕರಣ, ಗಣಿತ, ತರ್ಕ, ನಕ್ಷತ್ರವಿದ್ಯೆ, ಸರ್ಪವಿದ್ಯೆ. ಇಷ್ಟು ತಿಳಿದರೂ ಶೋಕ ನೀಗಿಲ್ಲ. ಅದೇ ಅಧ್ಯಾಯದ ಕೊನೆಗೆ (7.26.2) ಆಹಾರ ಶುದ್ಧವಾದರೆ ಅಂತಃಕರಣ ಶುದ್ಧವಾಗುತ್ತದೆ, ಆಗ ಸ್ಮೃತಿ ನೆಲೆನಿಲ್ಲುತ್ತದೆ ಎಂಬ ಮಾತು ಬರುತ್ತದೆ. ಶಂಕರಭಾಷ್ಯ ಈ ಆಹಾರವನ್ನು ತಟ್ಟೆಯ ಅನ್ನವೆಂದು ಓದುವುದಿಲ್ಲ. ಒಳಗೆ ತಂದುಕೊಳ್ಳುವುದು ಆಹಾರ. ಅಂದರೆ ಶಬ್ದಾದಿ ವಿಷಯಗಳ ಅರಿವು. ರಾಗ, ದ್ವೇಷ, ಮೋಹಗಳ ಸೋಂಕಿಲ್ಲದೆ ಬಂದ ಅರಿವೇ ಶುದ್ಧ. ಈ ವ್ಯಾಖ್ಯಾನದಲ್ಲಿ ದೋಷವಿರುವುದು ವಿಷಯದಲ್ಲಲ್ಲ, ಅದನ್ನು ಒಳಗೆ ತೆಗೆದುಕೊಳ್ಳುವ ರೀತಿಯಲ್ಲಿ. ಸುದ್ದಿ-ಮಾಹಿತಿಗಳ ಆಯ್ಕೆಯ ಬಗ್ಗೆ ಇಂದು ನಡೆಯುವ ಚರ್ಚೆ ಈ ಅಂಶವನ್ನೇ ಕೈಬಿಟ್ಟಿದೆ.

ಇದು ಅನ್ನದ ಮಾತನ್ನು ಬಲವಂತವಾಗಿ ಹಿಗ್ಗಿಸಿದಂತಲ್ಲವೇ ಎಂಬ ಆಕ್ಷೇಪಕ್ಕೆ ರಾಮಾನುಜರ ಶ್ರೀಭಾಷ್ಯದ ಬಲವಿದೆ. ಅವರಿಗೆ ಆಹಾರವೆಂದರೆ ಉಣ್ಣುವ ಅನ್ನವೇ. ಅದಕ್ಕೆ ಜಾತಿ, ಆಶ್ರಯ, ನಿಮಿತ್ತ ಎಂಬ ಮೂರು ಬಗೆಯ ದೋಷ ತಗಲಬಹುದು. ಆದರೆ ಈ ವಿಂಗಡಣೆ ಅರಿವಿಗೂ ಚೆನ್ನಾಗಿ ಹೊಂದುತ್ತದೆ: ಬಂದದ್ದು ಯಾವ ಬಗೆಯದು, ಯಾರ ಕೈಯಿಂದ ಬಂತು, ಬರುವ ದಾರಿಯಲ್ಲಿ ಅದಕ್ಕೆ ಏನು ಬಿತ್ತು? 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಈ ಪ್ರಶ್ನೆಗಳನ್ನು ಕೇಳುವಷ್ಟು ಹೊತ್ತು ಯಾರೂ ತಡೆಯಲಿಲ್ಲ. ಹೊರಗಿನಿಂದ ಬಂದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಗುಂಪು ಒಬ್ಬರನ್ನು ಹೊಡೆದು ಕೊಂದಿತು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದೆಂಬ ಮಿತಿಯನ್ನು ಕಂಪನಿ ಪ್ರಕಟಿಸಿದ್ದು ಅದೇ ತಿಂಗಳು. ಮಿತಿ ವೇಗಕ್ಕೆ ಬಿತ್ತು, ಸರಿಯೇ. ಆದರೆ ಸುದ್ದಿಯನ್ನು ನಂಬಿಸಿದ್ದು ಮಕ್ಕಳ ಮೇಲಿನ ಅಕ್ಕರೆ ಮತ್ತು ಅಪರಿಚಿತರ ಭಯ. ಇವೆರಡನ್ನೂ ಯಾವ ಮಿತಿಯೂ ಮುಟ್ಟಲಾರದು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ: ಬೇಕಾದದ್ದನ್ನಷ್ಟೇ ಆರಿಸಿಕೊಳ್ಳುವವನು ಅಹಿತವಾದ ಸತ್ಯಕ್ಕೆ ಬಾಗಿಲು ಹಾಕಿಕೊಳ್ಳುವುದಿಲ್ಲವೇ? ಮೆಚ್ಚಿದ್ದನ್ನು ಬಳಿಗೆ ಕರೆದು ಒಲ್ಲದ್ದನ್ನು ದೂರವಿಟ್ಟರೆ ಹಾಗೆಯೇ ಆಗುತ್ತದೆ. ಶಂಕರರ ಅಳತೆಯಲ್ಲಿ ಅಂಥ ಆಯ್ಕೆಯೇ ಅಶುದ್ಧ, ಏಕೆಂದರೆ ಅಲ್ಲಿ ಆರಿಸುವುದು ರಾಗದ್ವೇಷ. ನಮ್ಮ ಬೆರಳು ಎಲ್ಲಿ ತಡೆಯಿತೆಂದು ನೋಡಿ ಮುಂದಿನ ವೀಡಿಯೊ ಬಡಿಸುವ ಯಂತ್ರವೂ ಇದನ್ನೇ ಮಾಡುತ್ತದೆ. ಒಪ್ಪದ ಬರಹವೊಂದನ್ನು ತಾಳ್ಮೆಯಿಂದ ಕೊನೆಯವರೆಗೆ ಓದುವುದು ಈ ಅರ್ಥದಲ್ಲಿ ಆಹಾರಶುದ್ಧಿಯೇ. ಸನತ್ಕುಮಾರನೂ ನಾರದನ ವಿದ್ಯೆಗಳನ್ನು ಬಿಡು ಎನ್ನಲಿಲ್ಲ. ನಿನಗೆ ತಿಳಿದದ್ದನ್ನು ಹೇಳು, ಅಲ್ಲಿಂದ ಮುಂದಿನದನ್ನು ನಾನು ಹೇಳುತ್ತೇನೆ ಎಂದು ಅವನನ್ನು ಕೂರಿಸಿಕೊಂಡ.